ಮನೆಯ ಫೋನು, ಹುಡುಗಿಯ ಮನಸ್ಸು

ಸಂಜೆ ಏಳರ ಸುಮಾರಿಗೆ ಫೋನು ಮನೆಗೆ ಬರುತ್ತದೆ. ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋದದ್ದು ಅದು; ಇಲ್ಲವೇ ಅಣ್ಣನ ಜೊತೆ ಯಾದಗಿರಿ ಜಿಲ್ಲೆಯ ಶಹಾಪುರದ ಬಸ್‌ಸ್ಟ್ಯಾಂಡಿಗೆ. ಬಂದ ಕೂಡಲೇ ಚಾರ್ಜಿಗೆ ಬೀಳುತ್ತದೆ. ಪ್ಲಗ್ಗು ಇರುವುದು ಪಡಸಾಲೆಯಲ್ಲಿ, ಟಿವಿಯ ಪಕ್ಕ. ವೈರು ಮೊಳದುದ್ದವೂ ಇಲ್ಲ. ಫೋನು ನೋಡಬೇಕೆನ್ನುವವರು ಗೋಡೆಗೆ ಆತು ಅಲ್ಲೇ ಕೂರಬೇಕು. ಅಣ್ಣನ ರೀಲ್ಸ್ ಮುಗಿದು, ಪುಣೆಗೆ ದುಡಿಯಲು ಹೋದ ಮಾವನ ಜೊತೆ ಅವ್ವನ ಮಾತು ಮುಗಿದ ಮೇಲೆ ಹತ್ತನೇ ತರಗತಿಯ ಮಗಳಿಗೆ ಸಿಗುವುದು ಇಪ್ಪತ್ತು ನಿಮಿಷ. ‘ಸಾಲಿ ಗ್ರೂಪಿನಾಗ ಹೋಮ್‌ವರ್ಕ್ ಹಾಕ್ಯಾರ’ ಎಂಬುದೇ ಅವಳ ಪರವಾನಗಿ. ಒಂದು ಕಡೆ ರೊಟ್ಟಿ ಬಡಿಯುವ ಸಪ್ಪಳ, ಇನ್ನೊಂದು ಕಡೆ ಧಾರಾವಾಹಿ, ಮಗ್ಗುಲಲ್ಲಿ ಅಜ್ಜಿ.

ಎಲ್ಲೋ ದೂರದ ಊರಿನ ತಣ್ಣನೆಯ ಕಚೇರಿಯೊಂದರಲ್ಲಿ ತಯಾರಾದ ಮಾನಸಿಕ ಆರೋಗ್ಯದ ಆ್ಯಪ್ ಅವಳ ಕೈಗೆ ಸಿಗುವುದೂ ಈ ಇಪ್ಪತ್ತು ನಿಮಿಷದಲ್ಲೇ. ‘ಇಂದು ನಿಮಗೆ ಹೇಗೆನಿಸುತ್ತಿದೆ?’ ಎಂದು ಅದು ಕೇಳುತ್ತದೆ. ಐದು ಮುಖಗಳ ಸಾಲು ಮೂಡುತ್ತದೆ, ನಗುವ ಮುಖದಿಂದ ಅಳುವ ಮುಖದವರೆಗೆ. ಅವಳು ಧೈರ್ಯ ಮಾಡಿ ಅಳುವ ಮುಖವನ್ನೇ ಒತ್ತಿದಳು ಎಂದುಕೊಳ್ಳಿ. ಮರುದಿನ ಮಧ್ಯಾಹ್ನ ಫೋನು ಅಣ್ಣನ ಕೈಯಲ್ಲಿದ್ದಾಗ ಪರದೆಯ ಮೇಲೆ ಒಂದು ಸಾಲು ಬರುತ್ತದೆ: ‘ನಿನ್ನೆ ನೀವು ದುಃಖದಲ್ಲಿದ್ದಿರಿ. ಈಗ ಹೇಗಿದ್ದೀರಿ?’ ಆ ಒಂದು ಸಾಲಿಗೆ ಆ್ಯಪ್ ಮಾಡಬಹುದಾಗಿದ್ದ ಉಪಕಾರವೆಲ್ಲ ತೊಳೆದುಹೋಗುತ್ತದೆ. ಯಾಕೆ ದುಃಖ, ಯಾರ ಸಲುವಾಗಿ ದುಃಖ, ಯಾವನಾದರೂ ಇದ್ದಾನಾ ಎಂಬ ವಿಚಾರಣೆ ರಾತ್ರಿ ಊಟದ ಹೊತ್ತಿಗೆ ಶುರು.

ಹಳ್ಳಿಯ ಹುಡುಗಿಯರಿಗಾಗಿ ಇಂಥ ಸಾಧನಗಳನ್ನು ಮಾರ್ಪಡಿಸುವ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಅನುವಾದದ್ದು. ಕನ್ನಡಕ್ಕೆ ತಂದರಾಯಿತು, ಸ್ವಲ್ಪ ಉತ್ತರ ಕರ್ನಾಟಕದ ಶೈಲಿ ಬೆರೆಸಿದರಾಯಿತು, ಸೀರೆ ಉಟ್ಟ ಅಕ್ಕನ ಚಿತ್ರ ಹಾಕಿದರಾಯಿತು. ಭಾಷೆಯ ತೊಡಕು ಸಣ್ಣದಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಫೋನು ಯಾರದು ಎಂದು. ನಗರದ ಆ್ಯಪ್‌ಗಳು ಒಂದು ನಂಬಿಕೆಯ ಮೇಲೆ ನಿಂತಿವೆ: ಒಂದು ಫೋನು, ಒಬ್ಬ ಮನುಷ್ಯ, ಒಂದು ಗುಟ್ಟಿನ ನಂಬರು. ಯಾದಗಿರಿಯ ಹಳ್ಳಿಗಳಲ್ಲಿ ಫೋನು ಮನೆಯ ಸಾಮಾನು, ಬೈಕಿನ ಹಾಗೆ.

ಅಂಕಿಗಳೂ ಇದನ್ನೇ ಹೇಳುತ್ತವೆ. 2023ರ ‘ಅಸರ್’ ಶಿಕ್ಷಣ ಸಮೀಕ್ಷೆ ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಮಾತಾಡಿಸಿತು. ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅದನ್ನು ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇದ್ದ ಹುಡುಗರು ಶೇ 44ರ ಹತ್ತಿರ, ಹುಡುಗಿಯರು ಶೇ 20ರಷ್ಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಹೆಂಗಸರು ದೇಶದಲ್ಲಿ ಮೂವರಲ್ಲಿ ಒಬ್ಬರು ಮಾತ್ರ. ಗಂಡಸರು ಅರ್ಧಕ್ಕಿಂತ ಹೆಚ್ಚು. ‘ಮನೆಮನೆಗೂ ಡೇಟಾ ಬಂದಿದೆ’ ಎನ್ನುವವರು ಮನೆಯ ಬಾಗಿಲಲ್ಲೇ ನಿಂತು ಎಣಿಸಿ ವಾಪಸಾದವರು.

ಯಾದಗಿರಿಯ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾದ ಜಿಲ್ಲೆ. ಯಾದಗಿರಿ, ಶಹಾಪುರ, ಸುರಪುರ ಮೂರೇ ತಾಲ್ಲೂಕುಗಳಿದ್ದವು. ಆಮೇಲೆ ಹುಣಸಗಿ, ವಡಗೇರಾ, ಗುರುಮಠಕಲ್ ಸೇರಿದವು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಂಗಸರಲ್ಲಿ ಶೇ 41ರ ಆಸುಪಾಸು. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಭೀಮೆ. ನಾರಾಯಣಪುರದ ಎಡದಂಡೆ ಕಾಲುವೆ ಹರಿದ ಕಡೆ ಭತ್ತ, ಮೆಣಸಿನಕಾಯಿ. ಉಳಿದ ಕಡೆ ಹತ್ತಿ, ತೊಗರಿ. ಏನೂ ಇಲ್ಲದ ಕಡೆ ಗುಳೆ. ಈ ಬೆಳೆಗಳ ಪಟ್ಟಿಗೂ ನಮ್ಮ ವಿಷಯಕ್ಕೂ ಏನು ಸಂಬಂಧ ಎಂದರೆ, ಹತ್ತಿ ಬಿಡಿಸುವ ಕೈಗಳಲ್ಲಿ ಬಹಳಷ್ಟು ಹುಡುಗಿಯರವು. ದಸರಾ ಕಳೆದ ಮೇಲೆ ಬೆಳಿಗ್ಗೆ ಟಂಟಂ ತುಂಬ ಕೂತು ಹೊಲಕ್ಕೆ ಹೋಗುವವರಲ್ಲಿ ಎಂಟನೇ ತರಗತಿಯವಳೂ ಇರುತ್ತಾಳೆ, ಹತ್ತನೇ ತರಗತಿಯವಳೂ.

ಇನ್ನು ಭಾಷೆ.

ಖಿನ್ನತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಒಂದು ಪ್ರಶ್ನಾವಳಿ ಇದೆ, ಹೆಸರು ಪಿಎಚ್‌ಕ್ಯೂ–9. 2001ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ್ದು. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಲೆಕ್ಕ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಹತ್ತು ಮುಟ್ಟಿದರೆ ಗಮನ ಕೊಡಬೇಕು ಎಂದು ರೂಢಿ. ಹತ್ತಿರದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ‘ಸಮತಾ’ ಯೋಜನೆಯ ಸಂಶೋಧಕರು 13–14 ವರ್ಷದ ದಲಿತ, ಆದಿವಾಸಿ ಹುಡುಗಿಯರ ಮನೋವ್ಯಥೆಯನ್ನು ಅಳೆದದ್ದೂ ಇಂಥ ಪ್ರಶ್ನೆಗಳಿಂದಲೇ. ಒಳ್ಳೆಯ ಸಾಧನ, ಅನುಮಾನವಿಲ್ಲ. ಆದರೆ ಅದರ ಮೊದಲ ಪ್ರಶ್ನೆಯನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿ ನೋಡಿ: ‘ಕೆಲಸಗಳನ್ನು ಮಾಡುವುದರಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ?’ ಬೆಳಿಗ್ಗೆ ಐದಕ್ಕೆ ಎದ್ದು ಕೊಡ ಹೊತ್ತು, ಕಸ ಬಳಿದು, ತಮ್ಮನನ್ನು ತಯಾರು ಮಾಡಿ ಸಾಲಿಗೆ ಓಡುವವಳಿಗೆ ‘ಕೆಲಸ’ ಎಂದರೆ ಏನು? ‘ಕೆಲಸದಾಗ ಎಂಥ ಖುಷಿ ರೀ ಅಕ್ಕೋರೆ?’ ಎಂದು ನಕ್ಕು ಅವಳು ಮೂರು ಅಂಕ ಹಾಕುತ್ತಾಳೆ. ಆರೋಗ್ಯವಂತೆ ರೋಗದ ಲೆಕ್ಕಕ್ಕೆ ಅಷ್ಟು ಹತ್ತಿರವಾದಳು.

ಆರನೆಯ ಪ್ರಶ್ನೆ ಇನ್ನೂ ಅಪಾಯದ್ದು. ನೀವು ಸೋತಿರಿ ಎಂದೋ, ಮನೆಯವರ ನಿರೀಕ್ಷೆ ಹುಸಿ ಮಾಡಿದಿರಿ ಎಂದೋ ಅನಿಸಿದೆಯೇ ಎಂದು ಅದರ ಭಾವ. ಇದನ್ನು ಅಷ್ಟೇ ಸಲೀಸಾಗಿ ‘ಮನೆಯವರಿಗೆ ತಲೆ ತಗ್ಗಿಸುವಂತೆ ಮಾಡಿದ್ದೀರಾ’ ಎಂದು ಅನುವಾದಿಸಿದರೆ ಈ ಸೀಮೆಯಲ್ಲಿ ಅದು ವೈದ್ಯರ ಪ್ರಶ್ನೆಯಾಗಿ ಉಳಿಯುವುದಿಲ್ಲ, ಪಂಚಾಯ್ತಿ ಕಟ್ಟೆಯ ಪ್ರಶ್ನೆಯಾಗುತ್ತದೆ. ಯಾವ ಹುಡುಗಿಯೂ ಅದಕ್ಕೆ ಹೌದು ಅನ್ನುವುದಿಲ್ಲ.

ಇನ್ನು ‘ಖಿನ್ನತೆ’ ಎಂಬ ಪದ. ಪಠ್ಯಪುಸ್ತಕದಲ್ಲಿ ಇರಬಹುದು, ಬಾಯಲ್ಲಿಲ್ಲ. ಬಾಯಲ್ಲಿರುವುದು ‘ಬ್ಯಾಸರ’. ಈ ಬ್ಯಾಸರ ಎಂಬುದು ಕಲ್ಯಾಣ ಕರ್ನಾಟಕದಲ್ಲಿ ಬಹಳ ಅಗಲವಾದ ಶಬ್ದ. ಬಸ್ಸು ತಡವಾದರೂ ಬ್ಯಾಸರ, ಗೆಳತಿ ಮಾತು ಬಿಟ್ಟರೂ ಬ್ಯಾಸರ, ಬದುಕೇ ಬೇಡವಾದರೂ ಬ್ಯಾಸರ. ‘ಎಂಥ ಬ್ಯಾಸರವ್ವಾ?’ ಎಂದು ಎದುರಿಗೆ ಕೂತು ಎರಡನೇ ಸಲ ಕೇಳುವವರಿದ್ದರೆ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಾಗಲೂ ಬರುವುದು ಮನಸ್ಸಿನ ಮಾತಲ್ಲ, ಮೈಯ ಮಾತು: ಎದಿ ಡವಡವ ಅಂತದ. ತಲಿ ಗಿರ್ ಅಂತದ. ಊಟ ಸೇರವಲ್ದು. ಕೈಕಾಲಾಗಿನ ಶಕ್ತಿನೇ ಹೋಗ್ಯದ. ಇದನ್ನೆಲ್ಲ ಕೇಳಿಸಿಕೊಂಡ ದವಾಖಾನೆಯವರು ಒಂದು ಬಾಟಲಿ ಟಾನಿಕ್ಕು ಕೊಟ್ಟು ಕಳಿಸುತ್ತಾರೆ. ಮನೆಯವರು ‘ಗಾಳಿ ಸೋಕ್ಯದ’ ಎಂದು ದರ್ಗಾಕ್ಕೋ ಗುಡಿಗೋ ಕರೆದೊಯ್ಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ‘ಮಾನಸಿಕ’ ಎಂಬ ಶಬ್ದವೇ ಇಲ್ಲಿ ಒಂದು ತೀರ್ಪು. ‘ಮಾನಸಿಕ ಆಗ್ಯಾಳಂತ’ ಎಂದರೆ ಹುಚ್ಚು ಹಿಡಿದಿದೆ ಎಂದೇ ಅರ್ಥ, ಆ ಹುಡುಗಿಯ ಮದುವೆಗೂ ಅವಳ ತಂಗಿಯ ಮದುವೆಗೂ ಅದು ಅಡ್ಡಿ. ಆ್ಯಪಿನ ಹೆಸರಲ್ಲಿ, ಚಿತ್ರದಲ್ಲಿ, ಎಲ್ಲಿಯೂ ಆ ಶಬ್ದ ಸುಳಿಯಬಾರದು.

ಇದೇನೂ ಹೊಸ ಪಾಠವಲ್ಲ, ಅದನ್ನು ಕಲಿಸಿದ್ದೂ ಕನ್ನಡ ನೆಲವೇ. ಉಡುಪಿಯ ಹತ್ತಿರದ ಕೋಟದಲ್ಲಿ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಮನೋವೈದ್ಯರು ಒಂದು ಹಳ್ಳಿಯ ಮನೋವ್ಯಥೆಗಳನ್ನು ಅಧ್ಯಯನ ಮಾಡಿ 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ತಂದರು. ಪಶ್ಚಿಮದ ಪ್ರಶ್ನಾವಳಿಗಳು ಅಲ್ಲಿ ಸಾಲದೆ ಬಂದವು. ಮೈಯ ನೋವುಗಳಿಗೆ, ಮೈಮೇಲೆ ಬರುವುದಕ್ಕೆ ಅವುಗಳಲ್ಲಿ ಜಾಗವಿರಲಿಲ್ಲ. ಅವರು ತಮ್ಮದೇ ಪ್ರಶ್ನಾವಳಿ ಕಟ್ಟಿಕೊಳ್ಳಬೇಕಾಯಿತು. ಎರಡು ದಶಕದ ನಂತರ ವಿಕ್ರಮ್ ಪಟೇಲ್ ಎಂಬ ಮನೋವೈದ್ಯರು ದೂರದ ಜಿಂಬಾಬ್ವೆಯಲ್ಲಿ ಶೋನಾ ಭಾಷಿಕರ ನಡುವೆ ಅದೇ ದಾರಿ ಹಿಡಿದರು. ಅಲ್ಲಿಯ ಜನ ಖಿನ್ನತೆ ಎನ್ನುವುದಿಲ್ಲ, ‘ಕುಫುಂಗಿಸಿಸಾ’ ಎನ್ನುತ್ತಾರೆ. ವಿಪರೀತ ಯೋಚನೆ ಎಂದು ಅರ್ಥ. ನಮ್ಮವರು ‘ಭಾಳ ಚಿಂತಿ ಹಚ್ಚಿಕೊಂಡಾಳ’ ಎನ್ನುವುದಿಲ್ಲವೇ, ಹಾಗೆ. ಜನರ ಬಾಯಿಂದಲೇ ಹೆಕ್ಕಿದ ಮಾತುಗಳಿಂದ ಶೋನಾ ಪ್ರಶ್ನಾವಳಿ ತಯಾರಾಯಿತು. ಅದನ್ನೇ ಕೈಯಲ್ಲಿ ಹಿಡಿದು ಡಿಕ್ಸನ್ ಚಿಬಾಂಡಾ ಅವರ ‘ಫ್ರೆಂಡ್‌ಶಿಪ್ ಬೆಂಚ್’ನ ಅಜ್ಜಿಯರು 2006ರಿಂದ ಆರೋಗ್ಯ ಕೇಂದ್ರಗಳ ಅಂಗಳದ ಬೆಂಚುಗಳ ಮೇಲೆ ಕೂತು ಜನರ ಕಷ್ಟ ಕೇಳುತ್ತಿದ್ದಾರೆ. ಯಾದಗಿರಿಯ ಸಾಧನಕ್ಕೂ ಮೊದಲ ಆರು ತಿಂಗಳು ಕೋಡು ಬರೆಯುವ ಕೆಲಸ ಇರಬಾರದು. ಹುಡುಗಿಯರ ಮಾತುಗಳನ್ನು ಬರೆದುಕೊಳ್ಳುವ ಕೆಲಸ ಇರಬೇಕು.

ಓದಲು ಕಷ್ಟ ಎಂದರೆ ಧ್ವನಿ ಇದೆಯಲ್ಲ ಎನ್ನುವವರುಂಟು. ಸರಿಯೇ. ಆದರೆ ಯಂತ್ರಕ್ಕೆ ಕಲಿಸಿದ ಕನ್ನಡ ಬಹುಮಟ್ಟಿಗೆ ವಾರ್ತೆಯ ಕನ್ನಡ. ‘ಅಳು ಬರ್ಲಕತ್ತದ’ ಎಂದರೆ ಅದಕ್ಕೆ ಅರ್ಥವಾಗಬೇಕು. ಧಾರವಾಡದ ‘ಬರಾಕತ್ತೈತಿ’ ಅಲ್ಲ, ಕಲಬುರಗಿ ಸೀಮೆಯ ‘ಬರ್ಲಕತ್ತದ’. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ಯಂಥ ಯೋಜನೆಗಳು ಜಿಲ್ಲಾವಾರು ಮಾತನ್ನು ಸಂಗ್ರಹಿಸುತ್ತಿರುವುದು ಈ ಕಾರಣಕ್ಕೆ ದೊಡ್ಡ ಕೆಲಸ. ಲಂಬಾಣಿ ತಾಂಡಾದ ಹುಡುಗಿಯ ಕಥೆ ಬೇರೆಯೇ. ಅವಳು ಸಾಲಿಯಲ್ಲಿ ಕನ್ನಡ ಓದುತ್ತಾಳೆ, ಅಳುವುದು ಗೋರ್‌ಬೋಲಿಯಲ್ಲಿ. ಸ್ವಂತ ಲಿಪಿಯಿಲ್ಲದ ಆ ಮಾತಿಗೆ ಬರಹದ ಆ್ಯಪು ಸಲ್ಲದು, ಧ್ವನಿಯೇ ಬೇಕು. ಶಹಾಪುರದ ಮುಸ್ಲಿಂ ಓಣಿಯಲ್ಲಿ ದಖನಿ, ಗುರುಮಠಕಲ್ ಕಡೆ ತೆಲುಗು. ಒಂದು ಜಿಲ್ಲೆಗೆ ಒಂದು ಭಾಷೆ ಎಂದುಕೊಂಡವರು ಇಲ್ಲಿಯ ಸಂತೆಗೆ ಒಮ್ಮೆ ಬರಬೇಕು.

ಇಷ್ಟಾಗಿ, ಸರಿಯಾದ ಮಾತು ಸಿಕ್ಕಿತು, ಫೋನಿನ ಗುಟ್ಟೂ ಹೇಗೋ ಉಳಿಯಿತು ಎನ್ನೋಣ. ಬರೀ ಯಂತ್ರ ಸಾಕೇ? ಇಲ್ಲಿ ನನಗೆ ಬಳ್ಳಾರಿ ನೆನಪಾಗುತ್ತದೆ.

ಇಂದು ದೇಶದ ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಲ್ಲಿ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ದೆಹಲಿಯಲ್ಲಲ್ಲ, ನಮ್ಮ ಬಳ್ಳಾರಿಯಲ್ಲಿ. ಅದರ ಹಿಂದೆ ಬೆಂಗಳೂರು ಹೊರವಲಯದ ಸಕಲವಾರದ ಪ್ರಯೋಗವಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನವರು ಅಲ್ಲೊಂದು ಗ್ರಾಮೀಣ ಕೇಂದ್ರ ತೆರೆದು, ಮನೋವೈದ್ಯರಲ್ಲದವರಿಗೆ ಈ ವಿದ್ಯೆಯನ್ನು ಎಷ್ಟು ಕಲಿಸಬಹುದು ಎಂದು ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾಯಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ, ಆಗಿನ ಸುಮಾರು ಇಪ್ಪತ್ತು ಲಕ್ಷ ಜನಸಂಖ್ಯೆಗೆ, ಅದನ್ನು ಮಾಡಿ ತೋರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಬೆರಳೆಣಿಕೆಯ ಔಷಧಿಗಳು, ಸರಳವಾದ ದಾಖಲೆ ಪುಸ್ತಕ. ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ರೋಗದ ಹೆಸರಲ್ಲ, ಲಕ್ಷಣ ಗುರುತಿಸುವ ಮಾತು. ಈ ಮಾದರಿ ಹಿಡಿದೇ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ಶುರುವಾದದ್ದು. ಅದೇ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು, ಓದುಗರಿಗೆ ಉತ್ತರಿಸಿ, ಮನಸ್ಸಿನ ಕಾಯಿಲೆಯ ಮಾತನ್ನು ಮನೆಯ ಮಾತಾಗಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಓದುಗರು ಬರೆಯುತ್ತಿದ್ದ ಅಂಚೆ ಕಾರ್ಡೇ ಆಗಿನ ಆ್ಯಪು ಎಂದರೂ ತಪ್ಪಿಲ್ಲ.

ಬಳ್ಳಾರಿಯ ಸಾಧನ ಏನೆಂದರೆ ನಡುವಿನ ಮನುಷ್ಯ, ಊರೂರು ತಿರುಗುವ ಆ ಕಾರ್ಯಕರ್ತೆ. ಕಾಗದ, ಗುಳಿಗೆ, ದಾಖಲೆ ಎಲ್ಲವೂ ಅವಳ ಚೀಲದಲ್ಲಿದ್ದವು. ಅವಳನ್ನು ತೆಗೆದು ಚೀಲವನ್ನು ಮಾತ್ರ ಊರಿಗೆ ಕಳಿಸಿದರೆ ಏನಾಗುತ್ತದೋ ಅದನ್ನೇ ನಾವೀಗ ಫೋನಿನಲ್ಲಿ ಮಾಡಲು ಹೊರಟಿದ್ದೇವೆ.

ನಡುವಿನ ಮನುಷ್ಯ ಬೇಕು ಎಂಬುದಕ್ಕೆ ಪುರಾವೆಯೂ ಇದೆ. ಮೇಲೆ ಹೇಳಿದ ವಿಕ್ರಮ್ ಪಟೇಲ್ ಇತರರೊಡನೆ ಸೇರಿ ಗೋವಾದಲ್ಲಿ ಕಟ್ಟಿದ ‘ಸಂಗಾತ್’ ಸಂಸ್ಥೆ ಹದಿಹರೆಯದವರಿಗಾಗಿ ‘ಪ್ರೈಡ್’ ಎಂಬ ಯೋಜನೆ ನಡೆಸಿತು. ಅದರಲ್ಲಿ ‘ಪಾಡ್ ಅಡ್ವೆಂಚರ್ಸ್’ ಎಂಬ ಫೋನಿನ ಆಟ ಗೋವಾದ ಶಾಲೆಗಳಲ್ಲಿ ತಯಾರಾಯಿತು. ಸಮಸ್ಯೆ ಯಾವುದು, ದಾರಿಗಳೇನು, ಒಂದನ್ನು ಆರಿಸಿ ಮಾಡಿ ನೋಡು — ಇಷ್ಟೇ ಅದರ ತಿರುಳು. ಆಟದಲ್ಲಿ ಬರುವವರು ಆಡುವವರಂಥದೇ ಹುಡುಗ ಹುಡುಗಿಯರು. ನನಗೆ ಹಿಡಿಸಿದ್ದು ಆಟಕ್ಕಿಂತ ಅದನ್ನು ಕೊಟ್ಟ ರೀತಿ. ಫೋನು ಮಕ್ಕಳದಲ್ಲ, ಶಾಲೆಗೆ ತಂದು ಕೈಗೆ ಕೊಟ್ಟದ್ದು. ಇಂಟರ್ನೆಟ್ ಇಲ್ಲದೆಯೂ ನಡೆಯುವಂಥದ್ದು. ಪಕ್ಕದಲ್ಲಿ ಒಬ್ಬ ಆಪ್ತಸಮಾಲೋಚಕಿ. ದೊಡ್ಡ ಪದವೀಧರೆಯಲ್ಲ, ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಗಳು. ಅದೇ ತಂಡ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 250 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಅರ್ಧ ಮಕ್ಕಳಿಗೆ ಚಿತ್ರಕಥೆಯ ಪುಸ್ತಿಕೆ ಮಾತ್ರ, ಇನ್ನರ್ಧಕ್ಕೆ ಪುಸ್ತಿಕೆಯ ಜೊತೆ ನಾಲ್ಕೈದು ಸಲ ಮಾತುಕತೆ. ತಮ್ಮನ್ನು ಕಾಡುವ ಸಮಸ್ಯೆ ಹಗುರವಾಯಿತು ಎಂದು ಹೆಚ್ಚು ಹೇಳಿದವರು ಎರಡನೆಯವರು. ಒಟ್ಟಾರೆ ಮಾನಸಿಕ ತೊಂದರೆಯ ಅಳತೆಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ನಾಲ್ಕು ಸಲ ಮಾತಾಡಿದ್ದಕ್ಕೆ ಬದುಕು ಬದಲಾಗುವುದಿಲ್ಲ. ಎದೆಯ ಮೇಲಿನ ಒಂದು ಕಲ್ಲು ಇಳಿಯುತ್ತದೆ.

ಯಾದಗಿರಿಯಲ್ಲಿ ಆ ನಡುವಿನ ಮನುಷ್ಯ ಯಾರು? ಆಶಾ ಅಕ್ಕ ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಅವರ ತಲೆಯ ಮೇಲೆ ಈಗಾಗಲೇ ಎಷ್ಟು ರಿಜಿಸ್ಟರುಗಳಿವೆ ಎಂಬುದು ಬೇರೆ ಮಾತು. ನಿಜವಾದ ತೊಡಕು, ಅವರು ಅದೇ ಊರಿನ ಸೊಸೆ. ಹುಡುಗಿಯ ಅವ್ವನ ಸಂಘದ ಗೆಳತಿ. ಅವರಿಗೆ ಹೇಳಿದರೆ ಊರಿಗೆ ಹೇಳಿದಂತೆ ಎಂಬ ಅಂಜಿಕೆ ಹುಡುಗಿಗೆ ಇದ್ದೇ ಇರುತ್ತದೆ. ಶಾಲೆಯ ಟೀಚರು ಬೇರೆ ಊರಿನವರು, ಆದರೆ ವರ್ಗವಾಗಿ ಹೋಗುತ್ತಾರೆ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾದಾಗ ಸಮವಯಸ್ಕ ಶಿಕ್ಷಕಿಯರ, ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳ ಕಲ್ಪನೆ ತಂದಿತು. ಆಮೇಲೆ ‘ಸಾಥಿಯಾ ಸಲಹ್’ ಎಂಬ ಆ್ಯಪನ್ನೂ. ಕಲ್ಪನೆ ಸರಿಯಿತ್ತು. ನನ್ನ ಮಟ್ಟಿಗೆ ಆ ಕೆಲಸಕ್ಕೆ ಹೊಂದುವವಳು ಅದೇ ಊರಲ್ಲಿ ಪಿಯುಸಿ ಮುಗಿಸಿ ಕೂತಿರುವ, ಎರಡು ಓಣಿ ಆಚೆಯ ಅಕ್ಕ. ಅವಳಿಗೆ ಸಂಬಳ ಕೊಡಬೇಕು ಎಂಬುದನ್ನು ಯೋಜನೆ ಬರೆಯುವವರು ಪ್ರತಿ ಸಲ ಮರೆಯುತ್ತಾರೆ.

ಫೋನಿನ ಗುಟ್ಟು ಉಳಿಸುವ ಉಪಾಯಗಳಲ್ಲಿ ಜಾಣತನದ್ದು ಗುಂಪಿನಲ್ಲಿ ಮರೆಯಾಗುವುದು. ಒಬ್ಬಳಿಗೆ ಟ್ಯಾಬ್ ಕೊಟ್ಟು ಕೋಣೆಗೆ ಕಳಿಸಿದರೆ ‘ಅಕಿಗೆ ಏನೋ ಆಗ್ಯದ’ ಎಂದು ಮಧ್ಯಾಹ್ನದ ಊಟದ ಸಾಲಿನಲ್ಲಿ ಸುದ್ದಿ. ಶನಿವಾರದ ಕೊನೆಯ ಅವಧಿಯಲ್ಲಿ ಎಲ್ಲರಿಗೂ ಟ್ಯಾಬು, ಎಲ್ಲರ ಕಿವಿಗೂ ಇಯರ್‌ಫೋನು, ಎಲ್ಲರಿಗೂ ಅದೇ ಕಥೆ ಎಂದಾಗ ಯಾರು ಯಾವ ಗುಂಡಿ ಒತ್ತಿದರು ಎಂದು ಯಾರಿಗೆ ಗೊತ್ತು? ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ವಸತಿ ಶಾಲೆಗಳಲ್ಲಿ ಇದು ಇನ್ನೂ ಸುಲಭ. ಅಲ್ಲಿ ರಾತ್ರಿಯ ಹೊತ್ತೂ ಸಿಗುತ್ತದೆ. ಮನೆಯ ಫೋನಿಗೆ ಏನಾದರೂ ಕಳಿಸಲೇಬೇಕೆಂದರೆ ಅದು ಅಜ್ಜಿಯೂ ಕೇಳಬಹುದಾದ ಕಥೆಯಾಗಿರಲಿ. ಉತ್ತರ, ಅಂಕ, ದಾಖಲೆ ಯಾವುದೂ ಆ ಫೋನಿನಲ್ಲಿ ಉಳಿಯಬಾರದು.

ಸಹಾಯವಾಣಿಗೂ ಇದೇ ಮಾತು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ–ಮಾನಸ್‌ನ ಮೇಲ್ವಿಚಾರಣೆ ನಿಮ್ಹಾನ್ಸ್‌ನದು, ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡುತ್ತಾರೆ. ಬರೀ ಕೀಪ್ಯಾಡ್ ಫೋನಿದ್ದರೂ ಸಾಕು ಎನ್ನುವುದು ಇದರ ದೊಡ್ಡ ಗುಣ. ಅಪ್ಪ ಅವ್ವ ಗುಳೆ ಹೋಗಿ ಅಜ್ಜಿಯ ಜೊತೆ ಉಳಿದ ಹುಡುಗಿಗೆ ಇರುವುದು ಅದೊಂದೇ. ಆದರೆ ಕರೆ ಮಾಡಿದ ಸಂಖ್ಯೆ ಫೋನಿನಲ್ಲಿ ಉಳಿಯುತ್ತದೆ. ಅದನ್ನು ಅಳಿಸುವುದು ಹೇಗೆಂದು ಕಲಿಸುವುದೂ ಸಹಾಯವಾಣಿಯ ಪ್ರಚಾರದ ಭಾಗ ಆಗಬೇಕಾಗುತ್ತದೆ. ಇದನ್ನು ಕೇಳಿದ ಅಪ್ಪಂದಿರು ಸಿಟ್ಟಾಗಬಹುದು. ಆಗಲಿ.

ಕಾನೂನು ಇಲ್ಲಿ ಒಂದು ಗಂಟು ಹಾಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ವೈದ್ಯರಿಗೆ, ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ. ಮಕ್ಕಳ ಬೆನ್ನು ಹತ್ತುವ ಕಂಪನಿಗಳನ್ನು ತಡೆಯಲು ಮಾಡಿದ ಒಳ್ಳೆಯ ಕಾನೂನೇ ಇದು. ಆದರೆ ‘ಅಪ್ಪ ಅಮ್ಮ ನನ್ನ ಮದುವೆ ಮಾತಾಡ್ಲಕತ್ತಾರ, ನಂಗ ಓದಬೇಕು’ ಎಂದು ಹೇಳಿಕೊಳ್ಳಲು ಬಂದವಳು ಮೊದಲು ಅದೇ ಅಪ್ಪನ ಹೆಬ್ಬೆಟ್ಟು ಹಾಕಿಸಿಕೊಂಡು ಬರಬೇಕಾದರೆ?

ಮದುವೆಯ ಮಾತು ಬಂತು. ಈ ಇಡೀ ವಿಷಯದಲ್ಲಿ ನನಗೆ ಅಸಮಾಧಾನ ಇರುವುದು ಇಲ್ಲೇ. ಹೊಟ್ಟೆಯೊಳಗಿನ ಸಂಕಟಕ್ಕೆಲ್ಲ ಆ್ಯಪ್‌ಗಳ ಬಳಿ ಇರುವ ಉತ್ತರ ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’. ಪರೀಕ್ಷೆಯ ಭಯಕ್ಕೆ ಅದು ಸಾಕಾಗಬಹುದು. ಗೊತ್ತಾದ ಮದುವೆಗೆ, ದಾರಿಯಲ್ಲಿ ಹಿಂಬಾಲಿಸುವವನಿಗೆ, ಹತ್ತನೇ ತರಗತಿ ಮುಗಿದ ಮೇಲೆ ‘ಸಾಕು ಬಿಡಿಸ್ರಿ’ ಎನ್ನುವ ಮನೆಗೆ ಉಸಿರಾಟ ಏನು ಮಾಡೀತು? ಅಂಥವಳಿಗೆ ಬೇಕಾದ್ದು ಬಾಗಿಲುಗಳು. 1098ರ ಮಕ್ಕಳ ಸಹಾಯವಾಣಿ ಒಂದು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯಂತೆ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂಬ ತಿಳಿವಳಿಕೆ ಒಂದು. ಹಾಸ್ಟೆಲಿನಲ್ಲಿ ಒಂದು ಸೀಟು, ಊರಿಂದ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಬರುವ ಒಂದು ಬಸ್ಸು. ಈ ಬಾಗಿಲುಗಳ ವಿಳಾಸ ಇಲ್ಲದ ಸಾಧನ ಅವಳ ವ್ಯಥೆಯನ್ನು ಅವಳ ದೋಷವನ್ನಾಗಿ ಮಾಡಿ ಕೈತೊಳೆದುಕೊಳ್ಳುತ್ತದೆ.

ಯಂತ್ರಕ್ಕೆ ಒಪ್ಪಿಸಬಾರದ ಇನ್ನೊಂದು ಮಾತಿದೆ. ‘ಜೀವ ಸಾಕಾಗ್ಯದ’, ‘ಸತ್ತರ ಚೊಲೊ’ ಎಂಬ ಮಾತುಗಳು ಈ ಕಡೆಯ ಹೆಂಗಸರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತವೆ, ಒಲೆ ಉರಿಯದಿದ್ದರೂ. ಹತ್ತರಲ್ಲಿ ಯಾವುದು ನಿಜವೆಂದು ತಿಳಿಯುವುದು ಕಣ್ಣು ನೋಡಿದವರಿಗೆ. ಎಲ್ಲಕ್ಕೂ ಗಂಟೆ ಬಾರಿಸುವ ಯಂತ್ರದ ಮಾತನ್ನು ನಾಲ್ಕನೇ ದಿನಕ್ಕೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾವುದಕ್ಕೂ ಬಾರಿಸದ ಯಂತ್ರ ಇದ್ದೂ ಇಲ್ಲದಂತೆ. ಅಂಥ ಮಾತು ಬಂದ ಕೂಡಲೇ ಅದು ಒಬ್ಬ ಮನುಷ್ಯನಿಗೆ ತಲುಪಬೇಕು, ಆ ರಾತ್ರಿಯೇ ತಲುಪಬೇಕು. ಹತ್ತಿ ಬೆಳೆಯುವ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಬೀಗ ಹಾಕಿ ಇಡುವುದೂ ಮಾನಸಿಕ ಆರೋಗ್ಯದ ಕೆಲಸವೇ. ಶ್ರೀಲಂಕಾ ತೀರಾ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದಂತೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಎರಡು ದಶಕದಲ್ಲಿ ಸುಮಾರು ಶೇ 70ರಷ್ಟು ಇಳಿದದ್ದು ಯಾವ ಆ್ಯಪಿನಿಂದಲೂ ಅಲ್ಲ.

ಕಾಲಮಾನದ ಮಾತೊಂದು ಉಳಿಯಿತು. ಆ್ಯಪ್‌ಗಳಿಗೆ ಸರಪಳಿಯ ಹುಚ್ಚು. ಏಳು ದಿನ ಬಿಡದೆ ಬಂದರೆ ನಕ್ಷತ್ರ, ತಪ್ಪಿದರೆ ‘ನೀವು ಮೂರು ದಿನದಿಂದ ಬಂದಿಲ್ಲ’ ಎಂಬ ಗದರಿಕೆ. ಅವಳು ಆ ಮೂರು ದಿನ ಹತ್ತಿ ಬಿಡಿಸುತ್ತಿದ್ದಳು. ಆಮೇಲೆ ಮೆಣಸಿನಕಾಯಿ, ಅದಾದ ಮೇಲೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬಂದ ನೆಂಟರು. ಹುಡುಗಿ ಯಾವಾಗ ಬಂದರೂ ಅಂದಿನದು ಅಂದೇ ಮುಗಿಯುವಂತೆ, ಒಂದೇ ಕೂತಿಗೆ ಒಂದು ಕಥೆ, ಒಂದು ಉಪಾಯ ಇರಬೇಕು. ಜೋಗತಿಯೋ ದೊಂಬರವರೋ ಊರಿಗೆ ಬಂದಾಗ ಹಿಂದಿನ ವರ್ಷ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಯಾರೂ ಕೇಳುವುದಿಲ್ಲ.

ಇದೆಲ್ಲ ಕೂಡಿಬಂದು ಒಬ್ಬ ಹುಡುಗಿಗೆ ನಿಜವಾಗಿಯೂ ವೈದ್ಯರು ಬೇಕು ಎಂದು ಗೊತ್ತಾದರೆ? ರಾಜ್ಯದ ‘ಮನೋಚೈತನ್ಯ’ ಯೋಜನೆಯಂತೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಹಾಗಾಗಿ ಸುರಪುರಕ್ಕೆ ಹೋಗಿ ಬರುವ ಖರ್ಚೂ ಇಲ್ಲ. ಉಳಿದದ್ದು, ಮಂಗಳವಾರ ಸಾಲಿ ಬಿಟ್ಟು ಎಲ್ಲಿಗೆ ಹೋಗಿದ್ದಿ ಎಂಬ ಪ್ರಶ್ನೆ. ದವಾಖಾನೆಯ ಚೀಟಿಯ ಮೇಲೆ ವಿಭಾಗದ ಹೆಸರು ದೊಡ್ಡದಾಗಿ ಅಚ್ಚಾಗಿರುತ್ತದೆ. ಜೊತೆಗೆ ಹೋದ ಅಕ್ಕ ಆ ಚೀಟಿಯನ್ನು ಎರಡು ಮಡಿಕೆ ಮಾಡಿ ತನ್ನ ಬ್ಯಾಗಿಗೇ ಹಾಕಿಕೊಂಡು, ಮನೆಯವರು ಕೇಳಿದರೆ ‘ರಕ್ತ ಕಡಿಮಿ ಅದ ಅಂದ್ರು’ ಎನ್ನಬಹುದು. ಬಹುಶಃ ಅದು ಸುಳ್ಳೂ ಆಗಿರುವುದಿಲ್ಲ. ಈ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆಯೇ.